ಖಾಸಗಿ ಪಾರ್ಕಿಂಗ್ ನೋಟಿಸ್: 60 ಪೌಂಡ್ ಕಟ್ಟಿಬಿಡೋದಾ, ಪಾಪ್ಲಾಗೆ ಹೋಗೋದಾ?

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಮೈಸೂರಿನಿಂದ ಅಪ್ಪ ಅಮ್ಮ ಬಂದಿದ್ದರು. ಮಾರ್ಚ್ 7, ಶನಿವಾರ ಸಂಜೆ ಅವರನ್ನು ಒಂದು ರಿಟೇಲ್ ಪಾರ್ಕ್‌ಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಎರಡು ಗಂಟೆ ಪಾರ್ಕಿಂಗ್ ಫ್ರೀ. ಅಪ್ಪನಿಗೆ ಮಂಡಿ ನೋವು, ನಿಧಾನ ನಡೆಯುತ್ತಾರೆ. ಹೊರಡುವಾಗ ಸ್ವಲ್ಪ ತಡವಾಯಿತು. ಕ್ಯಾಮೆರಾ ಲೆಕ್ಕದಲ್ಲಿ 2 ಗಂಟೆ 17 ನಿಮಿಷ. ಪಾರ್ಕಿಂಗ್ ಕಂಪನಿಯಿಂದ 100 ಪೌಂಡ್ ಕಟ್ಟಿ ಎಂದು ನೋಟಿಸ್ ಬಂದಿದೆ. 14 ದಿನದೊಳಗೆ ಕಟ್ಟಿದರೆ 60. ನೋಟಿಸ್ ಮೇಲಿನ ತಾರೀಕು ಮಾರ್ಚ್ 20, ಕೈಗೆ ಸಿಕ್ಕಿದ್ದು 24ಕ್ಕೆ. ಕಾರು ನನ್ನ ಹೆಂಡತಿಯ ಹೆಸರಲ್ಲಿದೆ. ಅವಳ ಹೆಸರಲ್ಲೇ ಕಂಪನಿಗೆ ಅಪೀಲು ಹಾಕಿ, 'ವಯಸ್ಸಾದ ಅತ್ತೆ ಮಾವ ಜೊತೆಗಿದ್ದರು, ದಯವಿಟ್ಟು ರದ್ದು ಮಾಡಿ' ಎಂದು ಬರೆದೆವು. ಆಗಲ್ಲ ಎಂದಿದ್ದಾರೆ, ಜೊತೆಗೆ ಪಾಪ್ಲಾ (ಇಂಥ ನೋಟಿಸ್‌ಗಳ ಅಪೀಲು ಕೇಳುವ ಸಂಸ್ಥೆ) ಕೋಡ್ ಕಳಿಸಿದ್ದಾರೆ. ಆಫೀಸಿನಲ್ಲಿ ಒಬ್ಬರು ಕಸದ ಬುಟ್ಟಿಗೆ ಹಾಕಿ ಅಂತಾರೆ. ಇನ್ನೊಬ್ಬರು ವೀಸಾಗೆ ತೊಂದರೆ ಆಗುತ್ತೆ, ಕಟ್ಟಿಬಿಡಿ ಅಂತಾರೆ. ಏನು ಮಾಡೋದು?

ಉತ್ತರ: ಪಾಪ್ಲಾಗೆ ಹೋಗಿ. ನಿಮ್ಮ ಕೈಯಲ್ಲಿ ಒಳ್ಳೆಯ ಕೇಸಿದೆ. ಆದರೆ ನೀವು ಅಂದುಕೊಂಡ ಕಾರಣಕ್ಕೆ ಅಲ್ಲ. ಅಪ್ಪನ ಮಂಡಿ ನೋವು ನಿಮ್ಮನ್ನು ಉಳಿಸುವುದಿಲ್ಲ, ನೋಟಿಸ್ ಬಂದ ತಾರೀಕು ಉಳಿಸಬಹುದು.

ಮೊದಲು, ಕೈಯಲ್ಲಿರುವ ಕಾಗದ ಏನು ಅಂತ ಗೊತ್ತಿರಲಿ. ಬ್ರಿಟನ್ನಿನಲ್ಲಿ ಪಿಸಿಎನ್ ಎಂಬ ಮೂರಕ್ಷರ ಎರಡು ಕಾಗದಕ್ಕೂ ಇದೆ. ಕೌನ್ಸಿಲ್ ಕೊಡುವುದು ಪೆನಾಲ್ಟಿ ಚಾರ್ಜ್ ನೋಟಿಸ್, ಅದು ನಿಜವಾದ ದಂಡ. ಅದರ ಅಪೀಲು ಬೇರೆ ಟ್ರಿಬ್ಯೂನಲ್‌ಗೆ ಹೋಗುತ್ತದೆ. ನಿಮಗೆ ಬಂದಿರುವುದು ಪಾರ್ಕಿಂಗ್ ಚಾರ್ಜ್ ನೋಟಿಸ್. ಖಾಸಗಿ ಕಂಪನಿ ಕಳಿಸಿದ ಬಿಲ್ ಅಂದುಕೊಳ್ಳಿ. 'ನಮ್ಮ ಬೋರ್ಡ್ ಓದಿ ನಿಲ್ಲಿಸಿದಿರಿ, ಅದೇ ಒಪ್ಪಂದ, ಅದನ್ನು ಮುರಿದಿರಿ, ಹಣ ಕೊಡಿ' ಎನ್ನುವುದು ಅವರ ವಾದ. ಕಾಗದದ ಬಣ್ಣ, ಅಂಚಿನ ಪಟ್ಟೆ, ದೊಡ್ಡಕ್ಷರ ಎಲ್ಲ ಸರ್ಕಾರಿ ನೋಟಿಸ್ ಥರವೇ ಇರುತ್ತವೆ. ಅದು ಆಕಸ್ಮಿಕ ಏನಲ್ಲ.

ಇಂಥ ಕಂಪನಿಗಳಿಗೆ ಅಲ್ಲಿ ಎರಡು ಸಂಘಗಳಿವೆ. ಒಂದು ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್, ಅದರ ಸದಸ್ಯರ ವಿರುದ್ಧ ಅಪೀಲು ಕೇಳುವುದು ಪಾಪ್ಲಾ. ಇನ್ನೊಂದು ಇಂಟರ್‌ನ್ಯಾಷನಲ್ ಪಾರ್ಕಿಂಗ್ ಕಮ್ಯುನಿಟಿ, ಅದರದ್ದು ಐಎಎಸ್. (ನಮ್ಮೂರಿನ ಐಎಎಸ್‌ಗೂ ಇದಕ್ಕೂ ಏನೂ ಸಂಬಂಧ ಇಲ್ಲ.) ಸಂಘದ ಸದಸ್ಯರಾಗಿದ್ದರೆ ಮಾತ್ರ ಕಂಪನಿಗೆ ಡಿವಿಎಲ್‌ಎ, ಅಂದರೆ ಅಲ್ಲಿನ ಆರ್‌ಟಿಓ, ಕಾರು ಯಾರ ಹೆಸರಲ್ಲಿದೆಯೋ ಅವರ ಹೆಸರು ವಿಳಾಸ ಕೊಡುತ್ತದೆ. ಒಂದು ಹೆಸರಿಗೆ 2.50 ಪೌಂಡ್. ಅದಿಲ್ಲದೆ ಇವರು ಕಾಗದ ಕಳಿಸುವುದಾದರೂ ಎಲ್ಲಿಗೆ? ಹಾಗಾಗಿ ಸಂಘದ ನಿಯಮಕ್ಕೆ ಬಗ್ಗಲೇಬೇಕು. ಪಾಪ್ಲಾ ನಿಮ್ಮ ಪರ ತೀರ್ಪು ಕೊಟ್ಟರೆ ಕಂಪನಿ ಅದನ್ನು ಒಪ್ಪಲೇಬೇಕು, ಕೇಸು ಅಲ್ಲಿಗೇ ಮುಗಿಯಿತು. ನಿಮ್ಮ ವಿರುದ್ಧ ಬಂದರೆ ನೀವು ಒಪ್ಪಬೇಕೆಂದೇನೂ ಇಲ್ಲ. ನಿಮಗೆ ಫೀಸೂ ಇಲ್ಲ. ಇಂಥ ಅನುಕೂಲ ಬಿಟ್ಟುಕೊಡುವುದು ದಡ್ಡತನ, ಅಲ್ವಾ?

ಕಳೆದುಕೊಳ್ಳುವುದು ಒಂದೇ, ಆ 60ರ ರಿಯಾಯಿತಿ. ಕಂಪನಿ ನಿಮ್ಮ ಅಪೀಲು ತಿರಸ್ಕರಿಸಿದ ಕಾಗದದಲ್ಲಿ ಇನ್ನೊಮ್ಮೆ 14 ದಿನ ಕೊಟ್ಟಿರುತ್ತಾರೆ, ನೋಡಿ. ಪಾಪ್ಲಾಗೆ ಹೋಗಿ ಸೋತರೆ ಸಾಮಾನ್ಯವಾಗಿ ಪೂರ್ತಿ 100 ಕೇಳುತ್ತಾರೆ. ಅಂದರೆ ನೀವು ಪಣಕ್ಕಿಡುತ್ತಿರುವುದು 40 ಪೌಂಡ್. ನಿಮ್ಮ ತಾರೀಕುಗಳನ್ನು ನೋಡಿದರೆ ಆ 40 ಇಡಬಹುದು ಅನ್ನಿಸುತ್ತದೆ.

ಏಕೆ ಅಂತ ಹೇಳುತ್ತೇನೆ. ಇದೇ ಮುಖ್ಯ ವಿಷಯ, ನಿಧಾನವಾಗಿ ಓದಿ.

ಒಪ್ಪಂದ ಅಂದರೆ ಅದು ಗಾಡಿ ನಿಲ್ಲಿಸಿದವರ ಜೊತೆ ಆದದ್ದು. ನಿಮ್ಮ ಹೆಂಡತಿ ಕಾರಿನ ಕೀಪರ್, ಅಂದರೆ ದಾಖಲೆಯಲ್ಲಿ ಹೆಸರಿರುವವರು. ಆ ದಿನ ಓಡಿಸಿದವರು ಯಾರೆಂದು ಕ್ಯಾಮೆರಾಗೆ ಗೊತ್ತಿಲ್ಲ, ಅದು ನೋಡುವುದು ನಂಬರ್ ಪ್ಲೇಟ್ ಮಾತ್ರ. ಹಾಗಾದರೆ ಕೀಪರ್ ಯಾಕೆ ಕಟ್ಟಬೇಕು? 2012ರ ತನಕ ಈ ಪ್ರಶ್ನೆಗೆ ಕಂಪನಿಗಳ ಬಳಿ ಸರಿಯಾದ ಉತ್ತರ ಇರಲಿಲ್ಲ. ಆಗ ಖಾಸಗಿ ಜಾಗದಲ್ಲಿ ಚಕ್ರಕ್ಕೆ ಬೀಗ ಹಾಕಿ ಹಣ ಕೀಳುತ್ತಿದ್ದರು. 2012ರ ಅಕ್ಟೋಬರ್ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ಬೀಗ ಹಾಕುವುದಕ್ಕೆ ನಿಷೇಧ ಬಂತು. ಅದೇ ದಿನ, ಅದೇ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯ್ದೆಯ ನಾಲ್ಕನೇ ಶೆಡ್ಯೂಲಿನಲ್ಲಿ (ಅನುಬಂಧದಲ್ಲಿ) ಕಂಪನಿಗಳಿಗೆ ಒಂದು ದಾರಿ ಬಿಟ್ಟುಕೊಟ್ಟರು: ಓಡಿಸಿದವರು ಯಾರೆಂದು ಗೊತ್ತಾಗದಿದ್ದರೆ ಕೀಪರ್ ಹತ್ತಿರ ವಸೂಲಿ ಮಾಡಬಹುದು. ಪಾಪ್ಲಾ ಹುಟ್ಟಿದ್ದೂ ಆಗಲೇ. ಆದರೆ ಕೀಪರ್ ಕೊರಳಿಗೆ ಬಿಲ್ ಕಟ್ಟಬೇಕಾದರೆ ಶೆಡ್ಯೂಲಿನ ಷರತ್ತುಗಳನ್ನು ಅಕ್ಷರಶಃ ಪಾಲಿಸಬೇಕು. ಒಂದು ತಪ್ಪಿದರೂ ಕೀಪರ್ ಬಿಡುಗಡೆ.

ಆ ಷರತ್ತುಗಳಲ್ಲಿ ಒಂದು ಒಂಬತ್ತನೇ ಪ್ಯಾರಾದಲ್ಲಿದೆ. ಗಾಡಿಯ ಗಾಜಿಗೆ ಚೀಟಿ ಅಂಟಿಸದೆ, ಬರೀ ಕ್ಯಾಮೆರಾ ನೋಡಿ ಪೋಸ್ಟಿನಲ್ಲಿ ನೋಟಿಸ್ ಕಳಿಸುವುದಾದರೆ, ಅದು 14 ದಿನದೊಳಗೆ ಕೀಪರ್‌ಗೆ ತಲುಪಬೇಕು. ಎಣಿಕೆ ಪಾರ್ಕ್ ಮಾಡಿದ ಮರುದಿನದಿಂದ ಶುರು. ಗಮನಿಸಿ, ತಲುಪಬೇಕು. ಬರೆದರೆ ಸಾಲದು, ಪೋಸ್ಟ್ ಡಬ್ಬಿಗೆ ಹಾಕಿದರೂ ಸಾಲದು. ಯಾವಾಗ ತಲುಪಿತು ಎಂಬ ಜಗಳ ಬರದಿರಲಿ ಅಂತ ಕಾಯ್ದೆಯೇ ಒಂದು ಲೆಕ್ಕ ಹೇಳಿದೆ. ಬೇರೆ ರೀತಿ ಸಾಬೀತಾಗದ ಹೊರತು, ಪೋಸ್ಟ್ ಮಾಡಿದ ನಂತರದ ಎರಡನೇ ಕೆಲಸದ ದಿನ ತಲುಪಿತು ಎಂದು ತಿಳಿಯಬೇಕು. ಶನಿವಾರ, ಭಾನುವಾರ, ಬ್ಯಾಂಕ್ ರಜೆ ಕೆಲಸದ ದಿನ ಅಲ್ಲ.

ಈಗ ನಿಮ್ಮ ಕ್ಯಾಲೆಂಡರ್ ತೆಗೆಯಿರಿ. ಪಾರ್ಕ್ ಮಾಡಿದ್ದು ಮಾರ್ಚ್ 7. ಎಣಿಕೆ 8ರಿಂದ. ಹದಿನಾಲ್ಕನೆಯ ದಿನ ಮಾರ್ಚ್ 21, ಶನಿವಾರ. ನೋಟಿಸ್ ಮೇಲಿನ ತಾರೀಕು 20, ಶುಕ್ರವಾರ. ಅದೇ ದಿನ ಪೋಸ್ಟ್ ಮಾಡಿದರು ಎಂದೇ ಇಟ್ಟುಕೊಳ್ಳೋಣ. ಸೋಮವಾರ 23 ಒಂದು, ಮಂಗಳವಾರ 24 ಎರಡು. ನಿಮ್ಮ ಕೈಗೆ ಸಿಕ್ಕಿದ್ದೂ 24ಕ್ಕೇ. ಮೂರು ದಿನ ತಡ. ಕಾಗದದ ಮೇಲಿನ ತಾರೀಕು ಮಾತ್ರ ನೋಡಿದವರಿಗೆ ಇದು ಗೊತ್ತೇ ಆಗುವುದಿಲ್ಲ. 'ಹದಿಮೂರನೇ ದಿನವೇ ಕಳಿಸಿದ್ದಾರಲ್ಲ' ಅಂದುಕೊಂಡು ಸುಮ್ಮನಾಗುತ್ತಾರೆ.

ನೋಟಿಸಿನ ಹಿಂಬದಿಯನ್ನೂ ಒಮ್ಮೆ ನೋಡಿ. ಕೀಪರ್ ಮೇಲೆ ಹೊಣೆ ಹಾಕುವ ನೋಟಿಸಿನಲ್ಲಿ, 28 ದಿನದೊಳಗೆ ಹಣವೂ ಬರದೆ, ಓಡಿಸಿದವರ ಹೆಸರು ವಿಳಾಸವೂ ಗೊತ್ತಾಗದಿದ್ದರೆ ನಿಮ್ಮಿಂದಲೇ ವಸೂಲಿ ಮಾಡುವ ಹಕ್ಕು ನಮಗಿದೆ ಎಂಬ ಎಚ್ಚರಿಕೆ ಇರಲೇಬೇಕು. ಕೆಲವು ಕಂಪನಿಗಳು ತಡವಾಯಿತು ಅಂತ ಗೊತ್ತಾದಾಗ ಆ ಪ್ಯಾರಾ ಇಲ್ಲದ ಕಾಗದವನ್ನೇ ಕಳಿಸುತ್ತವೆ. ನಿಮ್ಮದರಲ್ಲೂ ಅದು ಇಲ್ಲದಿದ್ದರೆ ಕೇಸು ಇನ್ನೂ ಸುಲಭ.

ಇಲ್ಲಿ ಒಂದು ಎಚ್ಚರಿಕೆ. ಈ ವಾದ ನಿಲ್ಲುವುದು ಓಡಿಸಿದವರು ಯಾರೆಂದು ಕಂಪನಿಗೆ ಗೊತ್ತಿಲ್ಲದಿದ್ದರೆ ಮಾತ್ರ. ಮೊದಲ ಅಪೀಲಿನ ಪ್ರತಿ ತೆಗೆದು ಒಂದೊಂದು ಪದ ಓದಿ. 'ನಾವು ಹೋಗಿದ್ದೆವು' ಅಂತಿದ್ದರೆ ಪರವಾಗಿಲ್ಲ, ಕಾರಿನಲ್ಲಿ ನಾಲ್ಕು ಜನ ಇದ್ದರು. 'ನಾನು ಪಾರ್ಕ್ ಮಾಡಿದೆ' ಎಂದು ಒಂದು ಕಡೆ ಬಿದ್ದಿದ್ದರೂ ಈ ಬಾಗಿಲು ಮುಚ್ಚಿತು, ಕೆಳಗೆ ಹೇಳುವ ಬೇರೆ ಅಂಶಗಳ ಮೇಲೆ ನಡೆಯಬೇಕು. ಓಡಿಸಿದವರ ಹೆಸರು ಹೇಳಬೇಕೆಂಬ ಕಾನೂನು ಖಾಸಗಿ ಪಾರ್ಕಿಂಗ್ ವಿಷಯದಲ್ಲಿ ಇಲ್ಲ. (ಸ್ಪೀಡಿಂಗ್‌ಗೆ ಪೊಲೀಸರು ಕಳಿಸುವ ಕಾಗದ ಬೇರೆ. ಅಲ್ಲಿ ಹೇಳದಿದ್ದರೆ ಅದೇ ಅಪರಾಧ.) ಹಾಗಂತ ಸುಳ್ಳು ಬರೆಯಬೇಡಿ. ಹೇಳದಿರುವುದು ಹಕ್ಕು. ಓಡಿಸಿದವರೇ 'ನಾನು ಓಡಿಸಿರಲಿಲ್ಲ' ಎಂದು ಬರೆಯುವುದು ಸುಳ್ಳು. ಮುಂದೆ ಕೋರ್ಟಿಗೆ ಹೋದರೆ ಜಡ್ಜ್ ನೇರವಾಗಿ ಕೇಳಬಹುದು.

ಅಪೀಲು ಹೆಂಡತಿಯ ಹೆಸರಲ್ಲೇ ಹೋಗಬೇಕು, ಇಂಗ್ಲಿಷಿನಲ್ಲಿ. ಸಾರಾಂಶ ಹೀಗಿರಲಿ: 'ನಾನು ಈ ವಾಹನದ ನೋಂದಾಯಿತ ಕೀಪರ್. ಚಾಲಕರು ಯಾರೆಂದು ತಿಳಿಸಿಲ್ಲ. ಘಟನೆ ಮಾರ್ಚ್ 7. ನೋಟಿಸ್ ಮಾರ್ಚ್ 20ರದ್ದು, ಕಾಯ್ದೆಯ ಲೆಕ್ಕದಲ್ಲಿ ಮಾರ್ಚ್ 24ಕ್ಕೆ ಮುಂಚೆ ತಲುಪಿರಲು ಸಾಧ್ಯವಿಲ್ಲ. ಒಂಬತ್ತನೇ ಪ್ಯಾರಾದ ಗಡುವು ಮಾರ್ಚ್ 21ಕ್ಕೆ ಮುಗಿದಿತ್ತು. ಆದ್ದರಿಂದ ಕೀಪರ್ ಆದ ನನ್ನ ಮೇಲೆ ಹೊಣೆ ಬರುವುದಿಲ್ಲ.' ಜೊತೆಗೆ ಪುಟ್ಟದೊಂದು ತಾರೀಕು ಪಟ್ಟಿ ಹಾಕಿ. ಅಸೆಸರ್, ಅಂದರೆ ಪಾಪ್ಲಾದಲ್ಲಿ ತೀರ್ಪು ಕೊಡುವವರು, ತಾನೇ ಬೆರಳು ಮಡಚಿ ಎಣಿಸಲಿ ಎಂದು ಬಿಡಬೇಡಿ. ಪಾಪ್ಲಾ ವೆಬ್‌ಸೈಟಿನಲ್ಲಿ ಕೋಡ್ ಹಾಕಿದ ಮೇಲೆ ಕಾರಣ ಆರಿಸಲು ಕೇಳುತ್ತದೆ. 'ಇತರೆ' ಎನ್ನುವುದನ್ನು ಆರಿಸಿ, ಎಲ್ಲವನ್ನೂ ಒಂದು ಪಿಡಿಎಫ್ ಮಾಡಿ ಏರಿಸಿ.

ಒಂದು ಅಂಶದ ಮೇಲೆ ಗೆದ್ದರೂ ಇಡೀ ಅಪೀಲು ಗೆದ್ದಂತೆ. ಆದರೂ ಇನ್ನೆರಡು ಮೂರು ಅಂಶ ಹಾಕಿಡಿ, ಏಕೆಂದರೆ ಆಮೇಲೆ ಹೊಸದು ಸೇರಿಸಲು ಬಿಡುವುದಿಲ್ಲ.

ಆ 17 ನಿಮಿಷದ ಮಾತಿಗೆ ಬರೋಣ. ಎರಡೂ ಸಂಘಗಳು ಸೇರಿ 2024ರಲ್ಲಿ ಒಂದೇ ನಿಯಮಾವಳಿ ತಂದಿವೆ. ಅದರ ಪ್ರಕಾರ ಒಪ್ಪಿದ ಸಮಯ ಮುಗಿದ ಮೇಲೆ ಹೊರಡಲು ಕನಿಷ್ಠ 10 ನಿಮಿಷ ಬಿಡಬೇಕು. ಒಳಗೆ ಬಂದು, ಜಾಗ ಹುಡುಕಿ, ಬೋರ್ಡ್ ಓದಿ, ಇರೋದಾ ಹೋಗೋದಾ ಎಂದು ನಿರ್ಧರಿಸಲು ಬೇರೆಯೇ ಸಮಯ ಇದೆ, ಇಂಥ ಕಾರ್ ಪಾರ್ಕಿನಲ್ಲಿ ಸಾಮಾನ್ಯವಾಗಿ 5 ನಿಮಿಷ. ಕ್ಯಾಮೆರಾ ಇರುವುದು ಗೇಟಿನಲ್ಲಿ. ಅದು ಅಳೆದದ್ದು ಗೇಟಿನಿಂದ ಗೇಟಿಗೆ, ಗಾಡಿ ನಿಂತಿದ್ದ ಸಮಯ ಅಲ್ಲ. ಶನಿವಾರ ಸಂಜೆ ಜಾಗ ಹುಡುಕಿದ್ದು, ಹೊರಗೆ ಹೋಗಲು ಕ್ಯೂನಲ್ಲಿ ನಿಂತಿದ್ದು ಎಲ್ಲ ಆ 17ರಲ್ಲಿ ಸೇರಿದೆ. ಇದನ್ನು ಬರೆಯಿರಿ, ಆದರೆ ಇದೊಂದನ್ನೇ ನಂಬಬೇಡಿ. ಎರಡನ್ನೂ ಕೂಡಿಸಿಕೊಳ್ಳುವಂತಿಲ್ಲ ಎಂದು ಕಂಪನಿ ವಾದಿಸುತ್ತದೆ, ಕೂಡಿಸಿದರೂ 15 ಆಗುತ್ತದೆಯೇ ಹೊರತು 17 ಅಲ್ಲ. ಆ ಸಂಜೆಯ ಫೋಟೋ, ಬಿಲ್, ಕಾರಿನ ಡ್ಯಾಶ್‌ಕ್ಯಾಮ್ ಏನಾದರೂ ಕ್ಯೂ ತೋರಿಸಿದರೆ ಅದಕ್ಕೆ ಬೆಲೆ ಇದೆ.

ಬೋರ್ಡುಗಳು. ಒಂದು ಸಂಜೆ ಅಲ್ಲಿಗೆ ಮತ್ತೆ ಹೋಗಿ, ಸಾಧ್ಯವಾದರೆ ಅದೇ ಹೊತ್ತಿಗೆ. ಗೇಟಿನಲ್ಲಿರುವ ಬೋರ್ಡನ್ನು ಡ್ರೈವರ್ ಸೀಟಿನಿಂದ ಹೇಗೆ ಕಾಣುತ್ತದೋ ಹಾಗೆ ಫೋಟೋ ತೆಗೆಯಿರಿ (ಓಡಿಸುವವರಲ್ಲ, ಪಕ್ಕದಲ್ಲಿರುವವರು). ಆಮೇಲೆ ನೀವು ನಿಲ್ಲಿಸಿದ್ದ ಜಾಗದಿಂದ ಹತ್ತಿರದ ಬೋರ್ಡ್. 100 ಪೌಂಡ್ ಎಂಬುದು ಕಣ್ಣಿಗೆ ಹೊಡೆಯುತ್ತದಾ, ಇಲ್ಲ ಕೆಳಗೆ ಸಾಸಿವೆ ಗಾತ್ರದಲ್ಲಿ ಇದೆಯಾ? ಬೆಳಕಿದೆಯಾ? ಮರದ ಕೊಂಬೆ ಅಡ್ಡ ಬಂದಿದೆಯಾ? ಕಂಪನಿ ತನ್ನ ಸಾಕ್ಷ್ಯದಲ್ಲಿ ಹಾಕುವ ಫೋಟೋ ಎಷ್ಟೋ ಸಲ ಹಳೆಯದು, ಬೋರ್ಡ್ ಹೊಸದಾಗಿದ್ದಾಗ ಹಗಲಲ್ಲಿ ತೆಗೆದದ್ದು.

ಕೊನೆಯದು ಜಾಗದ ಒಡೆಯರ ಒಪ್ಪಿಗೆ. ಆ ನೆಲ ಪಾರ್ಕಿಂಗ್ ಕಂಪನಿಯದ್ದಲ್ಲ. ನೋಟಿಸ್ ಕೊಡಲು ಒಡೆಯರು ಅಧಿಕಾರ ಕೊಟ್ಟ ಕರಾರು ತೋರಿಸಿ ಎಂದು ಒಂದು ಸಾಲು ಬರೆದರೆ ಸಾಕು, ತೋರಿಸುವ ಭಾರ ಅವರದ್ದು.

ಇನ್ನು ಬರೆಯಬಾರದ್ದು. ಹಳೆಯ ಮಾದರಿ ಪತ್ರಗಳು ಇಂಟರ್ನೆಟ್‌ನಲ್ಲಿ ರಾಶಿ ಇವೆ. 'ಫ್ರೀ ಪಾರ್ಕಿಂಗಿನಲ್ಲಿ 17 ನಿಮಿಷ ಜಾಸ್ತಿ ಆದರೆ ನಿಮಗೇನು ನಷ್ಟ, 100 ಪೌಂಡ್ ಅನ್ಯಾಯ' ಎಂಬ ವಾದ ಅವುಗಳ ತುಂಬ ಇದೆ. ಕೇಳಲು ಚೆನ್ನಾಗಿದೆ. ಆದರೆ 2015ರ ನವೆಂಬರ್ 4ರಂದೇ ಅದು ಸತ್ತುಹೋಯಿತು. ಪಾರ್ಕಿಂಗ್‌ಐ ವರ್ಸಸ್ ಬೀವಿಸ್ ಎಂಬ ಕೇಸು, ಬ್ರಿಟನ್ನಿನ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಎಸೆಕ್ಸ್‌ನ ಚೆಲ್ಮ್‌ಸ್‌ಫರ್ಡ್‌ನ ರಿಟೇಲ್ ಪಾರ್ಕ್, ಅಲ್ಲೂ ಎರಡು ಗಂಟೆ ಫ್ರೀ. 56 ನಿಮಿಷ ಜಾಸ್ತಿ ನಿಂತದ್ದಕ್ಕೆ 85 ಪೌಂಡ್. ಜಾಗ ಖಾಲಿಯಾಗುತ್ತಾ ಇರಬೇಕು, ಅಂಗಡಿಗಳಿಗೆ ಬೇರೆ ಗಿರಾಕಿ ಬರಬೇಕು, ಅದಕ್ಕೆ ಈ ಮೊತ್ತ ನ್ಯಾಯವೇ ಎಂದು ಕೋರ್ಟ್ ಹೇಳಿತು. ನಿಮ್ಮದು ಹೆಚ್ಚು ಕಡಿಮೆ ಅದೇ ಥರದ ಕಾರ್ ಪಾರ್ಕ್. ಕಂಪನಿ ಆ ತೀರ್ಪನ್ನು ಖಂಡಿತ ಮುಂದೆ ತರುತ್ತದೆ. ಅಲ್ಲಿ ಬೋರ್ಡುಗಳು ದೊಡ್ಡದಾಗಿ, ಎದ್ದು ಕಾಣುವ ಹಾಗೆ ಇದ್ದವು ಎಂಬುದೂ ಆ ತೀರ್ಪಿನಲ್ಲೇ ಇದೆ. ನಿಮ್ಮ ಫೋಟೋಗಳು ಬೇರೆಯದನ್ನು ತೋರಿಸಿದರೆ ಅದನ್ನು ಹೇಳಿ. (ಸರ್ಕಾರ 2022ರ ಫೆಬ್ರವರಿಯಲ್ಲಿ ಈ ಮೊತ್ತಗಳನ್ನು ಇಳಿಸುವ ನಿಯಮಾವಳಿ ಪ್ರಕಟಿಸಿತ್ತು. ಕಂಪನಿಗಳು ಕೋರ್ಟಿಗೆ ಹೋದವು, ಜೂನ್‌ನಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಹಾಗಾಗಿ ಇವತ್ತೂ 100.)

ಮಂಡಿ ನೋವಿನ ವಿಷಯವೂ ಹಾಗೇ. ಪಾಪ್ಲಾ ಕೇಳುವುದು ನೋಟಿಸ್ ನಿಯಮದಂತೆ ಕೊಟ್ಟಿದ್ದಾರಾ ಎಂದು ಮಾತ್ರ. ಕರುಣೆ ತೋರಿಸುವ ಅಧಿಕಾರ ಅದಕ್ಕಿಲ್ಲ. ಆದರೆ ಆ ಮಾತಿಗೆ ಬೆಲೆ ಇರುವ ಜಾಗ ಒಂದಿದೆ, ಅಂದು ನೀವು ಖರೀದಿ ಮಾಡಿದ ಅಂಗಡಿ. ಬಿಲ್ ಅಥವಾ ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದುಕೊಂಡು ಮ್ಯಾನೇಜರ್ ಹತ್ತಿರ ಹೋಗಿ. ಕೌಂಟರಿನ ಹುಡುಗನ ಹತ್ತಿರ ಅಲ್ಲ, ಮ್ಯಾನೇಜರ್ ಹತ್ತಿರ. 'ವಯಸ್ಸಾದ ಅಪ್ಪ, ಕೋಲು ಹಿಡಿದು ನಡೆಯುತ್ತಾರೆ, ನಿಮ್ಮಲ್ಲೇ ಇಷ್ಟು ಸಾಮಾನು ಕೊಂಡೆವು' ಎಂದು ಹೇಳಿ. ಅಂಗಡಿಯೋ ಜಾಗದ ಒಡೆಯರೋ ಒಂದು ಇಮೇಲ್ ಕಳಿಸಿದರೆ ಎಷ್ಟೋ ಸಲ ನೋಟಿಸ್ ರದ್ದಾಗುತ್ತದೆ. ನನ್ನನ್ನು ಕೇಳಿದರೆ ಇದನ್ನು ನಾಳೆಯೇ ಮಾಡಿ. ಬೈಗುಳದ ದನಿ ಬೇಡ, ಅವರು ನಿಮ್ಮ ಶತ್ರುಗಳಲ್ಲ. ಆಗದಿದ್ದರೆ ಪಾಪ್ಲಾ ಇದ್ದೇ ಇದೆ. ಆದರೆ ಗಡುವು ನಿಲ್ಲುವುದಿಲ್ಲ. ತಿರಸ್ಕರಿಸಿದ ಕಾಗದದ ತಾರೀಕಿನಿಂದ 28 ದಿನ, ಅಷ್ಟೇ.

ಅಪೀಲು ಹಾಕಿದ ಮೇಲೆ ಎರಡರಲ್ಲಿ ಒಂದು ಆಗುತ್ತದೆ. ಕಂಪನಿ ತಾನಾಗಿಯೇ ಕೈಬಿಡಬಹುದು, ಹಾಗೆ ಆಗುವುದು ಅಪರೂಪವೇನಲ್ಲ. ಇಲ್ಲವೇ ಹತ್ತಾರು ಪುಟದ ಸಾಕ್ಷ್ಯ ಹಾಕುತ್ತದೆ. ಅದನ್ನು ನೋಡಿ ಉತ್ತರಿಸಲು ನಿಮಗೆ ಸಿಗುವುದು 7 ದಿನ. ಪುಟಗಳ ಸಂಖ್ಯೆ ನೋಡಿ ಹೆದರಬೇಡಿ. ಹೆಚ್ಚಿನದು ಬೋರ್ಡಿನ ಫೋಟೋ, ನಕ್ಷೆ, ಸಿದ್ಧ ಪ್ಯಾರಾಗಳು. ನೀವು ನೋಡಬೇಕಾದದ್ದು: ನಿಮ್ಮ 14 ದಿನದ ಅಂಶಕ್ಕೆ ಏನು ಉತ್ತರ ಕೊಟ್ಟಿದ್ದಾರೆ? 'ನೋಟಿಸ್ 14 ದಿನದೊಳಗೆ ಹೊರಡಿಸಿದ್ದೇವೆ' ಎಂದಿದ್ದರೆ, ಕಾಯ್ದೆ ಕೇಳುವುದು ಹೊರಡಿಸಿದ ದಿನವಲ್ಲ, ತಲುಪಿದ ದಿನ ಎಂದು ಎರಡು ಸಾಲು ಬರೆಯಿರಿ. ಏನೂ ಉತ್ತರ ಕೊಡದಿದ್ದರೆ ಅದನ್ನೇ ಬರೆಯಿರಿ. ಕರಾರಿನ ಪ್ರತಿ ಹಾಕಿದ್ದರೆ ಅದರಲ್ಲಿ ಆ ಜಾಗದ ವಿಳಾಸ ಇದೆಯಾ, ಮಾರ್ಚ್ 7ಕ್ಕೆ ಅವಧಿ ಮುಗಿದಿರಲಿಲ್ಲವಾ, ಸಹಿ ಇದೆಯಾ ನೋಡಿ.

ಬೇರೆ ಓದುಗರೂ ಇದನ್ನು ಓದುತ್ತಾರಲ್ಲ, ಅವರಿಗಾಗಿ ಎರಡು ಮಾತು. ನೋಟಿಸ್ ಕೊಟ್ಟದ್ದು ಇನ್ನೊಂದು ಸಂಘದ ಕಂಪನಿಯಾದರೆ ಐಎಎಸ್‌ಗೆ ಹೋಗಬೇಕು, ಅದರ ಮೇಲೆ ಗಾಡಿ ಓಡಿಸುವವರಿಗೆ ನಂಬಿಕೆ ಕಡಿಮೆ. ಸ್ಕಾಟ್ಲೆಂಡಿಗೆ ಈ ನಾಲ್ಕನೇ ಶೆಡ್ಯೂಲ್ ಅನ್ವಯಿಸುವುದಿಲ್ಲ. ಊರಿಂದ ಬರುವವರನ್ನು ಕರೆತರಲು ಹೋಗುವ ವಿಮಾನ ನಿಲ್ದಾಣದ ರಸ್ತೆಗಳಿಗೆ ಎಷ್ಟೋ ಕಡೆ ಬೈಲಾಗಳಿವೆ. ಅಂಥ ನೆಲದಲ್ಲಿ ಈ ಶೆಡ್ಯೂಲ್ ಹಿಡಿದು ಕೀಪರ್ ಮೇಲೆ ಹೋಗುವಂತಿಲ್ಲ, ಅಲ್ಲಿ ಬರೆಯಬೇಕಾದ ಅಪೀಲೇ ಬೇರೆ.

ಸೋತರೆ? ಪಾಪ್ಲಾ ತೀರ್ಪು ಕೋರ್ಟನ್ನು ಕಟ್ಟಿಹಾಕುವುದಿಲ್ಲ. ತಾರೀಕಿನ ಅಂಶವನ್ನು ಅಸೆಸರ್ ಸರಿಯಾಗಿ ನೋಡಿಲ್ಲ ಅನ್ನಿಸಿದರೆ ಕಟ್ಟದೆ ಕಾಯಬಹುದು. ಆಗ ಸಾಲ ವಸೂಲಿ ಏಜೆನ್ಸಿಗಳಿಂದ ಕಾಗದ ಬರಲು ಶುರು. 100 ಹೋಗಿ 170 ಆಗಿರುತ್ತದೆ, ಕೆಂಪು ಅಕ್ಷರ ಜಾಸ್ತಿ ಆಗುತ್ತಾ ಹೋಗುತ್ತದೆ. ಅವರು ಬರೀ ಕಾಗದ ಬರೆಯುವವರು. ಮನೆಗೆ ಬಂದು ಸಾಮಾನು ಎತ್ತಿಕೊಂಡು ಹೋಗುವ ಅಧಿಕಾರ ಅವರಿಗಿಲ್ಲ. ಕಸದ ಬುಟ್ಟಿಗೆ ಹಾಕಬಾರದ ಕಾಗದ ಎರಡು: ಒಂದು, ಕೇಸು ಹಾಕುತ್ತೇವೆ ಎಂಬ ಪತ್ರ, ಉತ್ತರಕ್ಕೆ 30 ದಿನ ಕೊಟ್ಟಿರುತ್ತಾರೆ. ಇನ್ನೊಂದು, ಕೌಂಟಿ ಕೋರ್ಟಿನ ಕ್ಲೇಮ್ ಫಾರ್ಮ್. ಅದು ಬಂದರೆ 14 ದಿನದೊಳಗೆ ಉತ್ತರಿಸಲೇಬೇಕು. ತಲುಪಿದೆ ಎಂದು ಆನ್‌ಲೈನ್‌ನಲ್ಲಿ ಒಪ್ಪಿಕೊಂಡರೆ 28 ದಿನ ಸಿಗುತ್ತದೆ. 'ಬುಟ್ಟಿಗೆ ಹಾಕಿ' ಎಂದ ನಿಮ್ಮ ಸಹೋದ್ಯೋಗಿ ಬಹುಶಃ ಈ ಹಂತಕ್ಕೆ ಬಂದವರಲ್ಲ.

ವೀಸಾ ಮಾತು. ಖಾಸಗಿ ಪಾರ್ಕಿಂಗ್ ಬಿಲ್ ಅಪರಾಧ ಅಲ್ಲ, ಪಾಪ್ಲಾಗೆ ಹೋದದ್ದೂ ಸೋತದ್ದೂ ವೀಸಾ ನೋಡುವ ಹೋಮ್ ಆಫೀಸಿಗೆ ಸಂಬಂಧಿಸಿದ್ದಲ್ಲ. ತೊಂದರೆ ಶುರುವಾಗುವುದು ಕೋರ್ಟಿನ ಕಾಗದಕ್ಕೆ ಉತ್ತರ ಕೊಡದೆ ನಿಮ್ಮ ಗೈರಿನಲ್ಲಿ ತೀರ್ಪು ಬಂದರೆ. ಒಂದು ತಿಂಗಳೊಳಗೆ ಪೂರ್ತಿ ಕಟ್ಟದಿದ್ದರೆ ಅದು 6 ವರ್ಷ ದಾಖಲೆಯಲ್ಲಿ ಉಳಿಯುತ್ತದೆ. ಮನೆ ಸಾಲ ಕೇಳಿದಾಗ ಅಡ್ಡ ಬರುತ್ತದೆ, ಪೌರತ್ವದ ಅರ್ಜಿಯಲ್ಲೂ ಸಿವಿಲ್ ತೀರ್ಪುಗಳ ಬಗ್ಗೆ ಕೇಳುತ್ತಾರೆ. ನಮ್ಮವರಲ್ಲಿ ಇದು ಆಗುವುದು ಹೆಚ್ಚಾಗಿ ಬಾಡಿಗೆ ಮನೆ ಬದಲಾಯಿಸಿದಾಗ. ಕಾರಿನ ಲಾಗ್‌ಬುಕ್ಕಿನಲ್ಲಿ (ನಮ್ಮ ಆರ್‌ಸಿ ಥರದ್ದು) ಹಳೆಯ ವಿಳಾಸವೇ ಇರುತ್ತದೆ, ಕೋರ್ಟಿನ ಕಾಗದ ಹಳೆಯ ಮನೆಯ ಬಾಗಿಲಲ್ಲಿ ಬೀಳುತ್ತದೆ. ಹೆಂಡತಿಯ ಲಾಗ್‌ಬುಕ್ ಒಮ್ಮೆ ತೆಗೆದು ನೋಡಿ. ವಿಳಾಸ ಹಳೆಯದಾಗಿದ್ದರೆ ಡಿವಿಎಲ್‌ಎ ವೆಬ್‌ಸೈಟಿನಲ್ಲಿ ಪುಕ್ಕಟೆ ಬದಲಾಯಿಸಬಹುದು. ಪಾರ್ಕಿಂಗ್ ಕಂಪನಿಗೂ ಹೊಸ ವಿಳಾಸವನ್ನು ಇಮೇಲ್‌ನಲ್ಲಿ ತಿಳಿಸಿ, ಅದರ ಪ್ರತಿ ಇಟ್ಟುಕೊಳ್ಳಿ.